ಕಂಬದ ಮೇಲಿನ ಹೆಸರು, ಟ್ರಂಕಿನೊಳಗಿನ ಹೆಸರು

ನಮ್ಮ ಮುತ್ಯಾ ತೀರಿಕೊಂಡ ಐದನೆಯ ದಿನ ಅವನ ಟ್ರಂಕು ತೆಗೆದೆವು. ಕರಿ ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಅವನ ನಂಬರು, ಅವನ ಹೆಸರು, ಕೆಳಗೆ ಮಹಾರ್ ರೆಜಿಮೆಂಟ್ ಎಂದು ಇಂಗ್ಲಿಷಿನಲ್ಲಿ. ಅವನು ಬದುಕಿರುವ ತನಕ ಅದಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ. ಆಯಿ ಅದರ ಮೇಲೆ ಕೌದಿಗಳನ್ನು ಒಟ್ಟುತ್ತಿದ್ದಳು. ಅದು ಕೌದಿ ಇಡುವ ಕಟ್ಟೆಯೆಂದೇ ನಾವು ಹುಡುಗರಿದ್ದಾಗ ತಿಳಿದಿದ್ದೆವು. ಒಳಗೆ ಒಂದು ಉಣ್ಣೆಯ ಕಂಬಳಿ, ಪೆನ್ಶನ್ ಪುಸ್ತಕ, ಪಟ್ಟಿ ಮಾಸಿದ ಎರಡು ಪದಕ, ಅರ್ಜಿಗಳ ನಕಲಿನ ಒಂದು ಕಟ್ಟು, ಹಿಮ್ಮಡ ಸವೆಯದ ಒಂದು ಜೊತೆ ಬೂಟು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಕ್ಯಾಲೆಂಡರಿನ ಹಾಳೆ. ಬಿಚ್ಚಿದರೆ ಅದರಲ್ಲಿ ದೇವರಿರಲಿಲ್ಲ, ಸಿನಿಮಾದವರಿರಲಿಲ್ಲ. ಒಂದು ಕಲ್ಲಿನ ಕಂಬವಿತ್ತು.

"ಇದೇನ್ ಆಯಿ?" ಅಂದೆವು.

"ಅದಾ? ಅದು ನಿಮ್ಮ ಮುತ್ಯಾಗ ಗೊತ್ತು. ಇಂಗ್ರಜಿ ಹೊಸ ವರ್ಷದ ದಿನ ತೆಗ್ದು ನೋಡ್ತಿದ್ದ. ಮತ್ತ ಮಡಚಿ ಇಡ್ತಿದ್ದ."

ನಮಗೆ ಗೊತ್ತಾಯಿತು. ಗೊತ್ತಾಗಿ ತಲೆ ತಗ್ಗಿಸಿದೆವು. ಅದು ಭೀಮಾ ಕೋರೆಗಾಂವದ ಕಂಬ. ನಾವು ಕಲಬುರಗಿಯ ಹಾಸ್ಟೆಲಿನಲ್ಲಿ ಕರಪತ್ರಗಳಲ್ಲಿ ಓದಿದ ಕಂಬ, ಸಭೆಗಳಲ್ಲಿ ಮೈಕು ಹಿಡಿದು ಕೂಗಿದ ಕಂಬ. ನಾವು ಅದರ ಮೇಲೆ ಪದ್ಯ ಬರೆದಿದ್ದೆವು. ಐನೂರು ಹುಲಿಗಳು ಇಪ್ಪತ್ತೆಂಟು ಸಾವಿರ ನರಿಗಳನ್ನು ಹರಿದು ತಿಂದವೆಂದು ಬರೆದು, ಚಪ್ಪಾಳೆ ತಗೊಂಡು, ಸಂತೋಷದಿಂದ ಚಹಾ ಕುಡಿದಿದ್ದೆವು. ನಮ್ಮದೇ ಮನೆಯಲ್ಲಿ, ನಮ್ಮದೇ ಕೌದಿಗಳ ಕೆಳಗೆ ಆ ಕಂಬ ಮಡಚಿಕೊಂಡು ಮಲಗಿತ್ತು. ಮನೆಯಲ್ಲೊಬ್ಬ ಸಿಪಾಯಿ ಕೂತಿದ್ದಾನೆ, ಅವನನ್ನೊಂದು ಮಾತು ಕೇಳೋಣ ಎಂಬ ಬುದ್ಧಿ ನಮ್ಮ ಬಿ.ಎ.ಗೆ ಬಂದಿರಲಿಲ್ಲ. ಮನೆತನದಲ್ಲೇ ಮೊದಲ ಪದವಿ ನಮ್ಮದು ಎಂದು ಹೇಳಿಕೊಂಡು ತಿರುಗುತ್ತಿದ್ದೆವು. ಆ ಪದವಿ ನಮ್ಮ ಮುತ್ಯಾನ ಎದುರು ಮೂಕಾಗಿತ್ತು.

ಆ ವರ್ಷದ ಡಿಸೆಂಬರ್ 31ಕ್ಕೆ ನಾವು ಐದು ಮಂದಿ ಪುಣೆಯ ರೈಲು ಹತ್ತಿದೆವು.

*

ಹೊರಡುವ ದಿನ ಸ್ಟೇಷನ್ನಿನ ಹೊರಗೆ ಚಹಾದಂಗಡಿಯಲ್ಲಿ ನಮ್ಮ ಜೊತೆ ಓದಿದವನೊಬ್ಬ ಸಿಕ್ಕ. ಒಳ್ಳೆಯ ಹುಡುಗ, ಪರೀಕ್ಷೆಯ ಹೊತ್ತಿಗೆ ನೋಟ್ಸು ಕೊಟ್ಟವನು. ಎಲ್ಲಿಗೆ ಎಂದು ಕೇಳಿದ. ಹೇಳಿದೆವು. ನಕ್ಕ.

"ಅಲ್ಲೋ, ಬ್ರಿಟಿಷರ ಚಾಕರಿ ಮಾಡಿ ನಮ್ಮ ರಾಜ್ಯಾನೇ ಸೋಲಿಸಿದವರಿಗೆ ಕೈ ಮುಗೀಲಿಕ್ಕೆ ಹೊಂಟೀರೇನು? ಓದಿದವರಾಗಿ!"

ಉತ್ತರ ಬಾಯಿಗೆ ಬಂತು, ಆದರೆ ಆಡಲಿಲ್ಲ. ಯಾಕೆಂದರೆ ಅವನ ಮಾತಿನಲ್ಲಿ ಒಂದು ಮುಳ್ಳಿತ್ತು, ಅದು ನಿಜವಾಗಿಯೂ ಚುಚ್ಚಿತು. ಕಂಪನಿ ಸರಕಾರ ನಮಗೇನು ಸೋದರಮಾವನೇ? ಈ ದೇಶದ ಬೆವರನ್ನು ಹಡಗಿಗೆ ತುಂಬಿ ಸಾಗಿಸಿದ ವ್ಯಾಪಾರಿಗಳವರು. ಆ ವ್ಯಾಪಾರಿಗಳು ಎಬ್ಬಿಸಿದ ಕಂಬದ ಮುಂದೆ ನಾವು ಯಾಕೆ ನಿಲ್ಲಬೇಕು? ರೈಲಿನಲ್ಲಿ ರಾತ್ರಿಯೆಲ್ಲ ಇದೇ ವಾದ. ನಿಂತುಕೊಂಡೇ ಹೋದೆವು, ಕೂಡಲು ಜಾಗವಿರಲಿಲ್ಲ. ಸೊಲ್ಲಾಪುರದಲ್ಲಿ ನೀಲಿ ಬಾವುಟದ ಮಂದಿ ಹತ್ತಿದರು. ಒಬ್ಬ ಮುದುಕಿ ನಮ್ಮ ಕಾಲ ಮೇಲೆಯೇ ಗಂಟು ಇಟ್ಟು ಕೂತಳು. ಭಾಷೆ ಬೇರೆ, ಮಾತು ಗೊತ್ತಾಗಲು ತಡವಾಗಲಿಲ್ಲ. ಅವರು ಮಹಾರರು, ನಾವು ಹೊಲೆಯರು. ಊರಿನ ಗಡಿ ತೋರಿಸುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ರಾತ್ರಿ ಕಾವಲು ಕಾಯುವುದು, ಬೆಳಗ್ಗೆ ಹೊರಗೆ ನಿಂತು ರೊಟ್ಟಿ ಬೇಡುವುದು: ಎರಡು ಭಾಷೆಯಲ್ಲಿ ಒಂದೇ ಹಣೆಬರಹ.

ನಾವು ರೈಲಿನಲ್ಲಿ ನಿಂತ ಅದೇ ಇರುಳು, 1817ರ ಡಿಸೆಂಬರ್ 31ರ ಇರುಳು, ಶಿರೂರಿನಿಂದ ಒಂದು ಸಣ್ಣ ಪಡೆ ಹೊರಟಿತ್ತು. ಕ್ಯಾಪ್ಟನ್ ಸ್ಟಾಂಟನ್ ಎಂಬ ಬಿಳಿಯನ ಕೈಕೆಳಗೆ ಬಾಂಬೆ ನೇಟಿವ್ ಇನ್‌ಫಂಟ್ರಿಯ ಸುಮಾರು 500 ಸಿಪಾಯಿಗಳು, ಪುಣೆಯ ಸುಮಾರು 250 ಕುದುರೆ ಸವಾರರು, ಮದರಾಸಿನ ತೋಪಿನ ದಳದ ಬಿಳಿಯರು, ಎರಡೇ ಎರಡು ತೋಪು. ಪುಣೆಯಲ್ಲಿದ್ದ ಕಂಪನಿಯ ಪಡೆಗೆ ನೆರವಾಗಲು ರಾತ್ರಿಯಿಡೀ ನಡೆದರು, ಸುಮಾರು 40 ಕಿಲೋಮೀಟರು. ಬೆಳಗಿನ ಹತ್ತರ ಹೊತ್ತಿಗೆ ಕೋರೆಗಾಂವದ ದಿಬ್ಬಕ್ಕೆ ಬಂದು ನೋಡಿದರೆ ಭೀಮಾ ನದಿಯ ಆಚೆ ಎರಡನೆಯ ಬಾಜೀರಾಯ ಪೇಶ್ವೆಯ ದಂಡು. 20,000 ಕುದುರೆ, 8,000 ಕಾಲಾಳು ಎಂದು ಲೆಕ್ಕ ಹೇಳುತ್ತಾರೆ.

ಇಲ್ಲಿ ನಾವು ನಮ್ಮ ಪದ್ಯವನ್ನು ತಿದ್ದಬೇಕು. ಇಪ್ಪತ್ತೆಂಟು ಸಾವಿರವೂ ಮೇಲೆ ಬೀಳಲಿಲ್ಲ. ಊರೊಳಗೆ ನುಗ್ಗಿ ಕಾದಾಡಿದವರು ಸುಮಾರು 2,000 ಮಂದಿ: ಅರಬರು, ಗೋಸಾಯಿಗಳು, ಪೇಶ್ವೆಯ ಕವಾಯತಿನ ಕಾಲಾಳುಗಳು. ಕಂಪನಿಯ ಕಡೆಯಲ್ಲೂ ಎಲ್ಲರೂ ಮಹಾರರಲ್ಲ. ಮರಾಠರಿದ್ದರು, ರಜಪೂತರಿದ್ದರು, ಮುಸಲ್ಮಾನರಿದ್ದರು. ಆದರೆ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. ರಾತ್ರಿಯಿಡೀ ನಡೆದು ಬಂದವರು ಹಗಲೆಲ್ಲ ಮಣ್ಣಿನ ಗೋಡೆಗಳ ಸಂದಿಯಲ್ಲಿ, ಓಣಿ ಓಣಿಯಲ್ಲಿ ಹೊಡೆದಾಡಿದರು. ಅನ್ನವಿಲ್ಲ. ನೀರಿಲ್ಲ. ನದಿಗೆ ಹೋಗುವ ದಾರಿಯನ್ನು ಪೇಶ್ವೆಯವರು ಕಟ್ಟಿಹಾಕಿದ್ದರು. ಒಂದು ತೋಪು ಕೈಬಿಟ್ಟು ಹೋಯಿತು. ತೋಪಿನ ದಳದ ಬಿಳಿ ಅಧಿಕಾರಿಯ ತಲೆ ಹೋಯಿತು. ಮತ್ತೆ ನುಗ್ಗಿ ತೋಪನ್ನು ಕಿತ್ತುಕೊಂಡರು. ಹೊತ್ತು ಮುಳುಗಿದ ಮೇಲೆ ದಾಳಿಯ ಬಿಸಿ ಇಳಿದಾಗ ನೀರು ಸಿಕ್ಕಿತು. ರಾತ್ರಿ ಒಂಬತ್ತರ ಸುಮಾರಿಗೆ ಗುಂಡು ನಿಂತಿತು. ಕಂಪನಿಯ ಇನ್ನೊಂದು ದೊಡ್ಡ ಪಡೆ ಬರುತ್ತಿದೆಯೆಂಬ ಅಂಜಿಕೆಯಲ್ಲಿ ಪೇಶ್ವೆಯ ದಂಡು ದಾರಿ ಹಿಡಿಯಿತು. ಗಾಯಗೊಂಡವರನ್ನು ಹೊತ್ತುಕೊಂಡು ಸಿಪಾಯಿಗಳು ಶಿರೂರಿಗೆ ಮರಳಿದರು. 834 ಮಂದಿಯಲ್ಲಿ 275 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು.

ನಡೆದದ್ದು ಇಷ್ಟು. ಹುಲಿಗಳೂ ಅಲ್ಲ, ನರಿಗಳೂ ಅಲ್ಲ. ಬಾಯಾರಿದ ಮನುಷ್ಯರು, ಕಣ್ಣೆದುರಿಗೆ ಹರಿಯುವ ನೀರು ಮುಟ್ಟಲಾರದೆ ಒಂದು ದಿನ ನಿಂತರು. ಈಗ ನಮಗೆ ಆ ಹುಲಿಯ ಪದ್ಯಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ. ಕಣ್ಣೆದುರಿನ ನೀರು ಮುಟ್ಟಲಾರದೆ ನಿಲ್ಲುವುದು ಏನೆಂದು ನಮ್ಮ ಕೇರಿಗೆ ಯಾವ ಇತಿಹಾಸದ ಮಾಸ್ತರರೂ ಹೇಳಿಕೊಡಬೇಕಾಗಿಲ್ಲ.

*

ಪುಣೆಯಿಂದ ಬಸ್ಸು. ರಸ್ತೆಯ ತುಂಬ ಜನ. ಅರವತ್ತು ಅಡಿಯ ಕಂಬ ದೂರದಿಂದಲೇ ಕಂಡಿತು, ಮೈಗೆಲ್ಲ ಹೂವು. ಎಳೆಗೂಸು ಹೊತ್ತವರು, ಕೋಲು ಹಿಡಿದವರು, ಬಿಳಿ ಸೀರೆಯ ಮುದುಕಿಯರು, ಪುಸ್ತಕದ ಅಂಗಡಿಗಳು. ದೇವರ ಜಾತ್ರೆಯಲ್ಲಿ ತೆಂಗು, ಊದುಬತ್ತಿ ಮಾರುತ್ತಾರೆ. ಇಲ್ಲಿ ಸಾಲುಸಾಲಾಗಿ ಪುಸ್ತಕ. ಅಕ್ಷರ ಬಾರದ ಹೆಂಗಸರು ಮಕ್ಕಳಿಗೆಂದು ಪುಸ್ತಕ ಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಪೊಲೀಸರು ಹೆಜ್ಜೆಗೊಬ್ಬರು. 2018ರ ಜನವರಿ 1, ಕಾಳಗಕ್ಕೆ 200 ವರ್ಷ ತುಂಬಿದ ದಿನ, ಇಲ್ಲಿ ಕಲ್ಲು ತೂರಿದರು, ಗಾಡಿ ಸುಟ್ಟರು, ಗಲಭೆಯಲ್ಲಿ ಒಬ್ಬ ಯುವಕ ಸತ್ತ. ಅವನು ಯಾವ ಜಾತಿಯವನಾದರೇನು, ಅತ್ತವಳು ಅವನ ತಾಯಿ. ಅವತ್ತಿನ ಅಂಜಿಕೆ ಇನ್ನೂ ಗಾಳಿಯಲ್ಲಿದೆ. ಆದರೂ ಜನ ಬರುವುದು ಬಿಟ್ಟಿಲ್ಲ.

ಕಂಬದ ಬುಡದಲ್ಲಿ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಬರೆದ ಕಲ್ಲುಗಳು. ಕಂಪನಿ 1821ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿತು. ಬರೆದ ಮಾತು ತನ್ನ ಸೇನೆಯ ಹೆಮ್ಮೆಯದೇ. ಅದರ ಜೊತೆ ಸತ್ತವರ ಹೆಸರು. ರಾಮನಾಕ್, ಗಣನಾಕ್, ದೇವನಾಕ್, ಗೋಪಾಲನಾಕ್. 'ನಾಕ್' ಎಂದರೆ ಮಹಾರರ ಹೆಸರಿನ ಬಾಲ. ಅಂಥ ಹೆಸರುಗಳು ಇಪ್ಪತ್ತೆರಡು. ಅವುಗಳ ಅಕ್ಕಪಕ್ಕದಲ್ಲೇ ಮರಾಠರ, ರಜಪೂತರ, ಮುಸಲ್ಮಾನರ ಹೆಸರು. ಯಾವ ಹೆಸರನ್ನೂ ದೂರ ನಿಲ್ಲಿಸಿಲ್ಲ.

ಗೆಳೆಯರೇ, ನಾವು ಅಲ್ಲಿ ನಿಂತು ಎಷ್ಟೋ ಹೊತ್ತು ಓದಿದ್ದು ಅದನ್ನೇ. 1821ರಲ್ಲಿ ಈ ದೇಶದ ಯಾವ ಗುಡಿಯ ಕಲ್ಲಿನ ಮೇಲೆ ನಮ್ಮವರ ಹೆಸರಿತ್ತು? ಗುಡಿಯ ಕಲ್ಲು ಹೊತ್ತವರು ನಾವು. ಕೋಟೆಯ ಬುನಾದಿ ತೋಡಿದವರು ನಾವು. ಶಿವಾಜಿಯ ಕೋಟೆಗಳನ್ನು ಕಾದವರಲ್ಲಿಯೂ ಮಹಾರರಿದ್ದರು. ನಮ್ಮ ಹೆಸರು ಬರೆಯುತ್ತಿದ್ದ ಒಂದೇ ಜಾಗವೆಂದರೆ ಸಾವುಕಾರನ ಸಾಲದ ಪುಸ್ತಕ. ಪುಣೆಯ ಬೀದಿಯಲ್ಲಿ ಪೇಶ್ವೆಯ ಕಾಲಕ್ಕೆ ಅಸ್ಪೃಶ್ಯರು ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಾಗಿತ್ತು, ಹೆಜ್ಜೆ ಅಳಿಸಲು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಳ್ಳಬೇಕಾಗಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಹೆಜ್ಜೆಯ ಗುರುತನ್ನೂ ಉಳಿಸಬಾರದೆಂದ ರಾಜ್ಯದ ಮಗ್ಗುಲಿಗೇ ಹೆಸರಿನ ಗುರುತು ಉಳಿಸಿದ ಕಲ್ಲು ನಿಂತಿತು. ನಿಲ್ಲಿಸಿದವರ ಕೈ ಶುದ್ಧವಾಗಿರಲಿಲ್ಲ, ನಿಜ. ಆದರೆ ಹೆಸರು ನಿಜವಾದದ್ದು.

ಚಹಾದಂಗಡಿಯ ಗೆಳೆಯನಿಗೆ ಈಗ ಉತ್ತರ ಹೇಳಬಹುದು. 'ನಮ್ಮ ರಾಜ್ಯ' ಅಂದೆಯಲ್ಲ, ಆ 'ನಮ್ಮ'ದೊಳಗೆ ಕೇರಿ ಇತ್ತೇನು? ಕೂಲಿಗೆ ಕಾದಾಡಿದವರು ಗುಲಾಮರಾದರೆ ಪೇಶ್ವೆಯ ಕಡೆ ಕೂಲಿಗೆ ಕಾದಾಡಿದ ಅರಬರು ಏನು? ಕಂಪನಿಯ ಸಾಲಿನಲ್ಲೇ ನಿಂತಿದ್ದ ಮರಾಠ, ರಜಪೂತ ಸಿಪಾಯಿಗಳನ್ನು ಯಾರೂ ದ್ರೋಹಿಗಳೆನ್ನುವುದಿಲ್ಲ, ಮಹಾರನನ್ನು ಮಾತ್ರ ಅನ್ನುವುದು ಯಾವ ನ್ಯಾಯ? ಸೋತ ಪೇಶ್ವೆಗಾದರೂ ಏನಾಯಿತು? 1818ರ ಜೂನಿನಲ್ಲಿ ಶರಣಾದ. ಕಂಪನಿ ಅವನಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ಪೆನ್ಶನ್ ಕಟ್ಟಿ, ಕಾನ್ಪುರದ ಹತ್ತಿರ ಬಿಠೂರಿನಲ್ಲಿ ಗಂಗೆಯ ದಂಡೆಗೆ ಕೂರಿಸಿತು. 1851ರಲ್ಲಿ ಸಾಯುವ ತನಕ ಅದನ್ನು ಉಂಡ. ಅದೇ 1851ರಲ್ಲಿ ಕೋರೆಗಾಂವದ ಸಿಪಾಯಿಗಳಲ್ಲಿ ಬದುಕಿ ಉಳಿದವರಿಗೆ ಪದಕ ಮಂಜೂರಾಯಿತು. ಕಾದಾಡಿದ 33 ವರ್ಷದ ಮೇಲೆ! ಸೋತ ರಾಜನಿಗೆ ಲಕ್ಷ, ಗೆದ್ದ ಸಿಪಾಯಿಗೆ ಬೆಳ್ಳಿಯ ಬಿಲ್ಲೆ. ಕಂಪನಿಗೆ ಯಾರ ಮೇಲೆ ಎಷ್ಟು ಪ್ರೀತಿಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕೋರೆಗಾಂವದ ಕಂಬಕ್ಕೆ ಅಡಿಗಲ್ಲು ಹಾಕಿದ ಮೂರೇ ವರ್ಷಕ್ಕೆ, 1824ರಲ್ಲಿ, ಇದೇ ಕಂಪನಿ ಕಿತ್ತೂರಿನ ಮೇಲೆ ಬಿತ್ತು. ಆ ಪಡೆಯಲ್ಲೂ ಇದ್ದವರು ಈ ನೆಲದ ಸಿಪಾಯಿಗಳೇ. ಹೊಟ್ಟೆಗೆ ಬಂದೂಕು ಹಿಡಿದವನ ಬಂದೂಕು ಯಾರ ಕಡೆ ತಿರುಗಬೇಕೆಂದು ಅವನು ತೀರ್ಮಾನಿಸುವುದಿಲ್ಲ. ಆದ್ದರಿಂದ ನಾವು ಕಂಪನಿಯ ಗೆಲುವಿಗೆ ಕೈ ಮುಗಿಯಲಾರೆವು. ನಾವು ಮುಗಿದದ್ದು ಆ ಇಪ್ಪತ್ತೆರಡು ಹೆಸರಿಗೆ, ಅವರ ಬಾಯಾರಿಕೆಗೆ. ಪಕ್ಕದಲ್ಲಿದ್ದ ಉಳಿದ ಹೆಸರುಗಳಿಗೂ.

*

ಹೀಗೆ ನಿಂತಾಗ ಒಂದು ದೃಶ್ಯ ಕಂಡೆವು. ಪಡೆಯಿಂದ ನಿವೃತ್ತರಾದ ಕೆಲವು ಮುದುಕರು, ತಲೆಗೆ ಟೋಪಿ, ಎದೆಗೆ ಪದಕ, ಸಾಲಾಗಿ ಬಂದರು. ಒಬ್ಬ ಮರಾಠಿಯಲ್ಲಿ ಏನೋ ಕೂಗಿದ. ಎಲ್ಲರ ಬೂಟೂ ಒಂದೇ ಸಲ ನೆಲಕ್ಕೆ ಬಡಿಯಿತು. ಸೆಲ್ಯೂಟ್. ಆ ಬೂಟಿನ ಸದ್ದು ಕೇಳಿ ನಮ್ಮ ಎದೆ ಒಡೆಯಿತು. ಯಾಕೆಂದರೆ ನಮ್ಮ ಮುತ್ಯಾನ ಬೂಟು ಹಿಮ್ಮಡ ಸವೆಯದೆ ಟ್ರಂಕಿನಲ್ಲಿತ್ತು.

ಅದರ ಕಥೆ ಹೇಳಬೇಕು. ಅದಕ್ಕೆ ಮೊದಲು ಈ ಬೂಟು ನಮ್ಮ ಕೇರಿಗೆ ಬಂದ ದಾರಿಯನ್ನು ಹೇಳಬೇಕು.

ಕಂಪನಿಯ ಬಾಂಬೆ ಸೇನೆಯಲ್ಲಿ ಮಹಾರರಿಗೆ ಕೆಲಸವಿತ್ತು, ಸಂಬಳವಿತ್ತು, ಸಿಪಾಯಿಗಳ ಮಕ್ಕಳಿಗೆ ಶಾಲೆಯಿತ್ತು. ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಕಲಿಸಿದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ದಂಡಿನ ಪ್ರದೇಶದಲ್ಲಿ. ಆ ಮಗು ಇನ್ನೂ ಎರಡು ವರ್ಷದ್ದಿರುವಾಗ ಬ್ರಿಟಿಷರು ಬಾಗಿಲು ಹಾಕಿದರು. ಕೆಲವು ಜಾತಿಗಳು ಮಾತ್ರ ಹುಟ್ಟಾ ಯೋಧರು ಎಂಬ ಹೊಸ ಶಾಸ್ತ್ರ ಹೊರಡಿಸಿ, 1892-93ರ ಹೊತ್ತಿಗೆ ಮಹಾರರ ಭರ್ತಿ ನಿಲ್ಲಿಸಿದರು. ಕೋರೆಗಾಂವದಲ್ಲಿ ರಕ್ತ ಕೊಟ್ಟವರ ಮೊಮ್ಮಕ್ಕಳಿಗೆ ನೀವು ಯೋಧರಲ್ಲ ಎಂದರು. ನಮ್ಮ ಮನುಶಾಸ್ತ್ರ, ಅವರ ಯೋಧಶಾಸ್ತ್ರ ಎರಡೂ ಸೇರಿ ಒಂದೇ ಬಾಗಿಲಿಗೆ ಎರಡು ಬೀಗ ಜಡಿದವು. 1910ರಲ್ಲಿ ಶಿವರಾಮ ಜಾನ್ಬಾ ಕಾಂಬಳೆಯವರು ಸೈನ್ಯ, ಪೊಲೀಸು ಎರಡರಲ್ಲೂ ನಮಗೆ ಕೆಲಸ ಕೊಡಿ ಎಂದು ವಿಲಾಯತಿಗೆ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ ಬಾಗಿಲು ತೆರೆಯಿತು. ಯುದ್ಧ ಮುಗಿಯಿತು, 1921ರಲ್ಲಿ ಮತ್ತೆ ಮುಚ್ಚಿತು. ಎರಡನೆಯ ಯುದ್ಧ ಬಂತು. 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದರು. ಅವರ ಟೋಪಿಯ ಬಿಲ್ಲೆಯ ಮೇಲೆ ಮೊದಲಿಗೆ ಇದ್ದದ್ದು ಇದೇ ಕೋರೆಗಾಂವದ ಕಂಬ. ಮುಂದೆ ಕಂಬ ಹೋಗಿ ಅಲ್ಲಿ ಕಠಾರಿ ಬಂತು.

ಬಿಲ್ಲೆಯಿಂದ ಹೋದ ಆ ಕಂಬವನ್ನೇ ನಮ್ಮ ಮುತ್ಯಾ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿ ಇಟ್ಟುಕೊಂಡಿದ್ದ.

ಅವನು ಸೇರಿದ್ದು 1962ರ ಚೀನಾ ಯುದ್ಧದ ನಂತರ, ಸೈನ್ಯ ದೊಡ್ಡದಾಗುತ್ತಿದ್ದಾಗ. ಗೌಡರ ಮನೆಯ ಜೀತ ಬಿಟ್ಟು ರಾತ್ರೋರಾತ್ರಿ ಓಡಿಹೋದವನು ಬೆಳಗಾವಿಯ ಭರ್ತಿಯಲ್ಲಿ ನಿಂತ. ಮಧ್ಯಪ್ರದೇಶದ ಸಾಗರದಲ್ಲಿ ಕಲಿತ. ಹಿಂದಿಯ ಅಕ್ಷರ ಕಲಿತದ್ದೂ ಅಲ್ಲೇ. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದ. ಟ್ರಂಕಿನ ಎರಡು ಪದಕಗಳಲ್ಲಿ ಒಂದು ಪಶ್ಚಿಮಿ ಸ್ಟಾರ್. ಯುದ್ಧದ ಮಾತು ನಮಗೆ ಹೇಳಲಿಲ್ಲ. ಹೇಳುತ್ತಿದ್ದದ್ದು ಒಂದೇ: "ಅಲ್ಲಿ ಒಂದಾ ಲಂಗರು, ಒಂದಾ ನಳ. ಯಾರ್ ಮೊದ್ಲ ಹೋದ್ರ ಅವರು ಕುಡೀಬೇಕು." ಇದನ್ನು ಅವನು ದೊಡ್ಡ ಪವಾಡ ಹೇಳಿದ ಹಾಗೆ ಹೇಳುತ್ತಿದ್ದ. ನಾವು ಹುಡುಗರು, ಇದರಾಗೇನದ ದೊಡ್ಡದು ಎಂದು ಎದ್ದು ಆಡಲು ಹೋಗುತ್ತಿದ್ದೆವು.

ರಜೆಗೆ ಬಂದಾಗ ಬಸ್ಸಿಳಿದು, ಅಗಸಿಯ ತನಕ ಬೂಟಿನಲ್ಲಿ ನಡೆದು ಬರುತ್ತಿದ್ದ. ಅಗಸಿಯಲ್ಲಿ ಕೂತು ಬೂಟು ಬಿಚ್ಚಿ, ಲೇಸಿಗೆ ಲೇಸು ಗಂಟು ಹಾಕಿ ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಊರು ದಾಟಿ ಕೇರಿಗೆ ಬರುತ್ತಿದ್ದ. ಯಾರಾದರೂ ಹೇಳಿದ್ದರೇ? ಇಲ್ಲ ಎನ್ನುತ್ತಾಳೆ ಆಯಿ. "ಹೇಳೂದು ಯಾಕ ಬೇಕೋ ಯಪ್ಪಾ? ಹೇಳದಿದ್ರೂ ಕೇಳ್ತಿತ್ತು." ಹೊಟೇಲಿನಲ್ಲಿ ಅವನ ಚಹಾದ ಕಪ್ಪು ಹೊರಗಿನ ಗೂಟಕ್ಕೆ ಇರುತ್ತಿತ್ತು. ನದಿಯಲ್ಲಿ ಮೇಲಿನ ಘಟ್ಟ ಅವರದು, ಕೆಳಗಿನ ಘಟ್ಟ ನಮ್ಮದು. ಗಡಿಯಲ್ಲಿ ದೇಶ ಕಾಯ್ದವನು ಊರಿಗೆ ಬಂದು ಕೆಳಗಿನ ಘಟ್ಟಕ್ಕೆ ಇಳಿಯುತ್ತಿದ್ದ.

ನಿವೃತ್ತನಾದ ಮೇಲೆ ಸಿಪಾಯಿಗಳಿಗೆ ಸರಕಾರ ಭೂಮಿ ಕೊಡುತ್ತದೆಂದು ಅರ್ಜಿ ಹಾಕಿದ. ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ ಹದಿನಾಲ್ಕು ವರ್ಷ. ತೋರಿಸಿದ ಜಮೀನು ಯಾರದೋ ಸ್ವಾಧೀನದಲ್ಲಿತ್ತು. ಬಿಡಿಸಿಕೊಡುವ ಮನಸ್ಸು ಯಾರಿಗೂ ಇರಲಿಲ್ಲ. ನಮ್ಮಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಗಣಿಗೆ ಹೋದ. ಊರಿನ ಶಾಲೆಯಲ್ಲಿ ಪ್ರತಿ ಆಗಸ್ಟ್ 15ಕ್ಕೆ ಗಣ್ಯರನ್ನು ಕುರ್ಚಿಯ ಮೇಲೆ ಕೂರಿಸಿ, ಗಡಿಯ ವೀರರ ಮೇಲೆ ಭಾಷಣ ಮಾಡಿಸುತ್ತಿದ್ದರು. ಊರಿಗೆಲ್ಲ ಯುದ್ಧ ಕಂಡ ಒಬ್ಬನೇ ಮನುಷ್ಯ ಕಂಪೌಂಡಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತು, ಬಾವುಟ ಏರಿದಾಗ ಬರಿಗಾಲಲ್ಲಿ ಅಟೆನ್ಷನ್ ನಿಲ್ಲುತ್ತಿದ್ದ. ನಾವು ಒಳಗೆ ಸಾಲಿನಲ್ಲಿ ನಿಂತು ಅವನನ್ನು ನೋಡಿ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದೆವು. ಇದನ್ನು ಬರೆಯುವಾಗ ಕೈ ನಡುಗುತ್ತದೆ. ಆದರೂ ಬರೆಯಬೇಕು. ಮರೆತವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದು.

*

ಮಧ್ಯಾಹ್ನ ನದಿಗೆ ಇಳಿದೆವು. ನೀರಿನಲ್ಲಿ ಕಾಲಿಟ್ಟಾಗ ಒಂದು ಮಾತು ಹೊಳೆಯಿತು. 1927ರ ಜನವರಿ 1ರಂದು ಬಾಬಾಸಾಹೇಬರು ಈ ಕಂಬದ ಹತ್ತಿರ ಬಂದರು. ಅದಾಗಿ ಎಂಬತ್ತು ದಿನವೂ ಆಗಿರಲಿಲ್ಲ, ಮಾರ್ಚ್ 20ಕ್ಕೆ ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿದರು. ಒಂದೇ ವರ್ಷ, ಮೊದಲು ಸಿಪಾಯಿಗಳ ಕಲ್ಲು, ಆಮೇಲೆ ಕೆರೆಯ ನೀರು. ಕಂಬದ ಹತ್ತಿರ ಬಂದವರು ಅಲ್ಲೇ ಕೂತುಬಿಡಲಿಲ್ಲ. ಹಿಂದಿನವರ ಶೌರ್ಯ ನೆನೆಯುವುದು ಮುಂದಿನ ಕೆಲಸಕ್ಕೆ ಕಾಲು ಕೊಡಬೇಕು. ಬಂದೂಕಿಲ್ಲದೆ, ಹೆಂಗಸರು ಮಕ್ಕಳು ಸಹಿತ, ಸಾವಿರಾರು ಮಂದಿ ನಡೆದು ಹೋಗಿ ನೀರು ಮುಟ್ಟಿದ ಆ ದಂಡೂ ದಂಡೇ.

ಈ ಭೀಮೆ ಕೋರೆಗಾಂವ ದಾಟಿ ಪಂಢರಪುರಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಚಂದ್ರಭಾಗಾ ಎಂಬ ಹೆಸರು. ಅಲ್ಲಿ ಮಹಾರ ಸಂತ ಚೋಖಾಮೇಳನ ಸಮಾಧಿ ಗುಡಿಯ ಹೊರಗೆ, ಮೆಟ್ಟಿಲ ಬುಡದಲ್ಲಿದೆ. ಅಲ್ಲಿಂದ ನಮ್ಮ ಸೀಮೆಗೆ ಬಂದು ಸನ್ನತಿಯನ್ನು ಹಾಯುತ್ತಾಳೆ. ಸನ್ನತಿಯಲ್ಲಿ ಸಾಮ್ರಾಟ ಅಶೋಕನ ಶಾಸನ ಕೆತ್ತಿದ ಒಂದು ಕಲ್ಲನ್ನು ತೂತು ಕೊರೆದು ದೇವಿಯ ಮೂರ್ತಿಗೆ ಪೀಠ ಮಾಡಿದ್ದರು. 1986ರಲ್ಲಿ ಗುಡಿಯ ಮಾಳಿಗೆ ಬಿದ್ದು ಮೂರ್ತಿ ಒಡೆದಾಗಲೇ ಕೆಳಗಿನ ಅಕ್ಷರ ಲೋಕಕ್ಕೆ ಕಂಡದ್ದು. ಚಕ್ರವರ್ತಿಯ ಮಾತಿಗೇ ಈ ಗತಿಯಾದರೆ ಗಣನಾಕನ ಹೆಸರಿಗೆ ಎಷ್ಟು ಹೊತ್ತು? ಕಲ್ಲಿನಲ್ಲಿ ಕೆತ್ತಿದರೆ ಸಾಲದು, ವರ್ಷಕ್ಕೊಮ್ಮೆ ಬಂದು ಓದುವವರು ಬೇಕು. ಕೋರೆಗಾಂವದ ಜಾತ್ರೆ ಅಂಥ ಓದು.

ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಊರಿಗೆ ಬಂದೆವು. ಆಯಿ ಬಾಟಲಿ ನೋಡಿದಳು.

"ಏನಿದು?"

"ಕೋರೆಗಾಂವದ ಭೀಮೆಯ ನೀರು ಆಯಿ."

"ಹುಚ್ಚ ಹುಡುಗೂರಾ! ಆ ನೀರು ತಾನಾ ನಡಕೋತ ಇಲ್ಲಿಗೇ ಬರ್ತದ. ಹೊತ್ಕೊಂಡು ಯಾಕ ಬಂದೀರಿ?"

ಎಲ್ಲರೂ ನಕ್ಕೆವು. ಆಮೇಲೆ ಅವಳು ಕೇಳಿದಳು: "ಸತ್ತವರ ಹೆಸರೆಲ್ಲ ಬರ್ದಾರಂತಲ್ಲ. ಅವರ ಹೇಣ್ತೇರ ಹೆಸರೂ ಅದಾವೇನು?"

ಇರಲಿಲ್ಲ. ಇಲ್ಲ ಎಂದೆವು.

"ಹಂಗಾದ್ರ ಅರ್ಧಾ ಬರ್ದಾರ" ಅಂದಳು.

ಆಯಿ ಶಾಲೆಯ ಮುಖ ನೋಡಿದವಳಲ್ಲ. ಮುತ್ಯಾ ಗಡಿಯಲ್ಲಿದ್ದ ವರ್ಷಗಳಲ್ಲಿ ಮನಿಆರ್ಡರು ತಡವಾದಾಗ ಗೌಡರ ಹೊಲದಲ್ಲಿ ಕಳೆ ಕಿತ್ತು, ಹೆರಿಗೆಯಾದ ಒಂಬತ್ತನೆಯ ದಿನಕ್ಕೆ ಕೂಲಿಗೆ ಹೋಗಿ ಮನೆ ನಿಲ್ಲಿಸಿದವಳು. 1971ರ ಆ ಚಳಿಗಾಲದಲ್ಲಿ ಹದಿನಾಲ್ಕು ದಿನ ಅವಳು ಯಾರನ್ನು ಕೇಳಿ ತಿಳಿಯಬೇಕಿತ್ತು, ಗಂಡ ಇದ್ದಾನೋ ಸತ್ತಾನೋ ಎಂದು? ಕೇರಿಯಲ್ಲಿ ರೇಡಿಯೋ ಇರಲಿಲ್ಲ. ಊರಲ್ಲಿದ್ದ ರೇಡಿಯೋದ ಕಟ್ಟೆಗೆ ಅವಳು ಹೋಗುವಂತಿರಲಿಲ್ಲ. ಇಂಥ ಯುದ್ಧಕ್ಕೆ ಯಾವ ಸರಕಾರವೂ ಪದಕ ಹಾಕಿಲ್ಲ.

ಈ ಸಲ ನಾವು ಪದ್ಯ ಬರೆಯಲಿಲ್ಲ. ಅಪ್ಪ ಗಣಿಯಿಂದ ಒಂದು ಶಹಾಬಾದ್ ಕಲ್ಲಿನ ಚಪ್ಪಡಿ ತಂದ. ಕೇರಿಯ ಕಲ್ಲುಕೆಲಸದ ಕಾಕಾ ಕೂಲಿ ತಗೊಳ್ಳದೆ ಕೆತ್ತಿಕೊಟ್ಟ. ಮುತ್ಯಾನ ನಂಬರು, ಅವನ ಹೆಸರು, ರೆಜಿಮೆಂಟು, 1971. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಆಯಿಯ ಹೆಸರು. ಅಂಬೇಡ್ಕರ್ ಕಟ್ಟೆಯ ಮಗ್ಗುಲಿಗೆ, ನದಿಗೆ ಹೋಗುವ ದಾರಿಯಲ್ಲಿ ನಿಲ್ಲಿಸಿದೆವು. ಕಲ್ಲು ನಿಲ್ಲಿಸಿದ ದಿನ ಮುತ್ಯಾನ ಬೂಟು ಹಾಕಿಕೊಂಡು ಅಗಸಿಯಿಂದ ಊರ ನಡುವೆ ಕೇರಿಯ ತನಕ ನಡೆದೆವು. ಬೂಟು ನಮ್ಮ ಕಾಲಿಗೆ ಒಂದಿಷ್ಟು ಬಿಗಿ. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದರೂ ನಿಲ್ಲುತ್ತಿರಲಿಲ್ಲ.

ಹಳ್ಳಿಯ ಶಾಲೆಯ ಮಾಸ್ತರರೇ, ಒಂದು ಮಾತು. ಬರುವ ಆಗಸ್ಟ್ 15ರ ಹಿಂದಿನ ದಿನ ನಿಮ್ಮ ಊರಿನ ಕೇರಿಗೆ ಹೋಗಿ ಕೇಳಿರಿ: ಇಲ್ಲಿಂದ ಸೈನ್ಯಕ್ಕೆ ಹೋದವರು ಯಾರಿದ್ದಾರೆ? ಕೌದಿಗಳ ಕೆಳಗೆ ಒಂದು ಟ್ರಂಕು ಇದ್ದೀತು. ಬೇವಿನ ಗಿಡದ ಕೆಳಗಿನವನನ್ನು ಒಳಗೆ ಕರೆಯಿರಿ. ಕುರ್ಚಿ ಕೊಡಿರಿ. ಹುಡುಗರಿಗೆ ಅವನ ಬಾಯಿಂದಲೇ ಕೇಳಿಸಿರಿ, ಅವನು ಬದುಕಿರುವಾಗಲೇ.

ನಮ್ಮ ಬೂಟಿನ ಹಿಮ್ಮಡ ಈಗ ಸವೆಯಲು ಹತ್ತಿದೆ.